ಒಂದು ಕ್ರಿಯಾಪದದ ಎರಡು ಬಾಳು

'ಫೂಜಿಲೌ' ಎಂಬ ಇಂಗ್ಲಿಷ್ ಕ್ರಿಯಾಪದವನ್ನು ನೀವು ಕೇಳಿರಲಾರಿರಿ. ಆದರೆ ಅದರ ಒಡಹುಟ್ಟು ನಿಮಗೆ ಚೆನ್ನಾಗಿ ಗೊತ್ತು. ಅದೇ ಕನ್ನಡದ 'ಪುಸಲಾಯಿಸು'.

ಎರಡಕ್ಕೂ ಮೂಲ ಹಿಂದೂಸ್ತಾನಿಯ 'ಫುಸಲಾನಾ'. ಸವಿಮಾತಿನಿಂದ ಒಲಿಸಿಕೊಳ್ಳುವುದು ಎಂದು ಅರ್ಥ. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸಿದ್ಧಪಡಿಸಿದ, 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಈ ಇಂಗ್ಲಿಷ್ ರೂಪ ದಾಖಲಾಗಿದೆ. ಅದರ ಜೊತೆಗೆ ಬನ್ನೌ, ಲಗೌ, ಪಕ್ಕರೌ ಎಂಬ ಕ್ರಿಯಾಪದಗಳೂ ಇವೆ.

ಇವುಗಳ ಕೊನೆಯನ್ನು ಗಮನಿಸಿ. 'ಬನಾವೊ' ಎಂದರೆ ಮಾಡು, 'ಲಗಾವೊ' ಎಂದರೆ ಹಚ್ಚು. ಎಲ್ಲವೂ ಆಜ್ಞೆಯ ರೂಪಗಳು! ಆಗಿನ ಆಂಗ್ಲ ಅಧಿಕಾರಿಗಳೂ ಸಿಪಾಯಿಗಳೂ ಅಡಿಗೆಯವನಿಗೆ, ಅಂಬಿಗನಿಗೆ ಅಪ್ಪಣೆ ಕೊಡುವಷ್ಟು ಭಾಷೆ ಕಲಿತರೆ ಸಾಕಾಗಿತ್ತು. ಹೀಗಾಗಿ ಅಪ್ಪಣೆಯೇ ಅವರ ಪಾಲಿಗೆ ಇಡೀ ಕ್ರಿಯಾಪದವಾಯಿತು.

ಕನ್ನಡದ ದಾರಿಯೇ ಬೇರೆ. ಅದು 'ಫುಸಲಾ' ಎಂಬ ಧಾತುವನ್ನಷ್ಟೇ ತೆಗೆದುಕೊಂಡು, ತನ್ನದೇ 'ಇಸು' ಪ್ರತ್ಯಯವನ್ನು ಸೇರಿಸಿತು. ಚಲಾಯಿಸು, ಜಮಾಯಿಸು ಆದದ್ದೂ ಹೀಗೆಯೇ. ಆಮೇಲೆ ಪುಸಲಾಯಿಸಿದಳು, ಪುಸಲಾಯಿಸುತ್ತೇನೆ, ಪುಸಲಾಯಿಸಬೇಡ ಎಂದು ಎಲ್ಲ ಕಾಲಕ್ಕೂ ಎಲ್ಲ ಪುರುಷಕ್ಕೂ ಅದು ಒಗ್ಗಿತು.

ಇಂಥ ಒಗ್ಗಿಕೆಗೆ ನೆರೆಹೊರೆ ಬೇಕು. ವಿಜಯಪುರವು 1490ರಿಂದ 1686ರವರೆಗೆ ಆದಿಲ್‌ಶಾಹಿ ಆಳ್ವಿಕೆಯಲ್ಲಿತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನು 'ಕಿತಾಬ್-ಎ-ನವರಸ್' ಕೃತಿಯನ್ನು ದಖ್ಖನಿಯಲ್ಲಿ ರಚಿಸಿದನು. ಕನ್ನಡ, ಮರಾಠಿ, ದಖ್ಖನಿಗಳು ಈ ಸೀಮೆಯಲ್ಲಿ ಇಂದಿಗೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಮರಾಠಿಯಲ್ಲಿಯೂ 'ಫುಸಲಾವಣೆ' ಇದೆ.

ಬಂದ ಪದಕ್ಕೆ ಕನ್ನಡ ಸರಿಯಾದ ಜಾಗವನ್ನೂ ಕೊಟ್ಟಿತು. ಅಳುವ ಕೂಸನ್ನು ಸಮಾಧಾನಪಡಿಸಲು ನಮ್ಮಲ್ಲಿ ಮೊದಲೇ 'ರಮಿಸು' ಇತ್ತು. ಅದರಲ್ಲಿ ಬರಿಯ ಅಕ್ಕರೆ. 'ಪುಸಲಾಯಿಸು' ಎಂಬಲ್ಲಿ ಅಕ್ಕರೆಯ ಜೊತೆಗೆ ತುಸು ಉಪಾಯವೂ ಉಂಟು.

'ಫೂಜಿಲೌ' ಆಡುತ್ತಿದ್ದವರು ಹೊರಟುಹೋದರು. ಪದವು ನಿಘಂಟಿನಲ್ಲಿ ಉಳಿಯಿತು. 'ಪುಸಲಾಯಿಸು' ಮಾತ್ರ ಮನೆಮಾತಾಗಿಯೇ ಬಾಳಿತು. ಅಪ್ಪಣೆಗಾಗಿ ಕಲಿತ ನುಡಿ ಅಧಿಕಾರದೊಡನೆ ಮುಗಿಯುತ್ತದೆ; ಒಡನಾಟದಲ್ಲಿ ಕಲಿತದ್ದು ನಮ್ಮದಾಗುತ್ತದೆ.

ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಸ್ಸಿನಲ್ಲಿ ಕಾಲೇಜಿಗೆ ಬರುವಾಗ ಸುತ್ತಲಿನ ಮಾತಿಗೆ ಕಿವಿಗೊಡಿ. 'ಆಯಿಸು' ಎಂದು ಮುಗಿಯುವ ಪದಗಳನ್ನು ಬರೆದಿಡಿ. ಅವುಗಳಲ್ಲಿ ಎಷ್ಟು ನೆರೆಮನೆಯಿಂದ ಬಂದವು ಎಂದು ಹುಡುಕಿ ನೋಡಿ.