ಕೊಳಗ, ಬೋರ್ಡು, ಜಾಲತಾಣ

ಗುರುತಿಲ್ಲದ ಗಿರಾಕಿಗೆ ವ್ಯಾಪಾರಿ ಹೇಳಬೇಕಾದ ಮಾತುಗಳು ಬಹಳ ಇಲ್ಲ: ತಾನು ಯಾರು, ಎಲ್ಲಿದ್ದಾನೆ, ಏನು ಮಾರುತ್ತಾನೆ, ಬೆಲೆ ಎಷ್ಟು, ಮೋಸವಾದರೆ ಯಾರನ್ನು ಕೇಳಬೇಕು. ಸಣ್ಣ ಅಂಗಡಿಗೊಂದು ಜಾಲತಾಣ ಮಾಡಿಸುವವರು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕಾದದ್ದೂ ಇಷ್ಟನ್ನೇ. ಗಿಣಿಗೇರಾ, ಕೊಪ್ಪಳ, ಕಿನ್ನಾಳದ ಸೀಮೆಯ ವ್ಯಾಪಾರ ಈ ಪ್ರಶ್ನೆಗಳಿಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕಂಡುಕೊಂಡಿದೆ.

ಕನ್ನಡ ನಾಡಿನ ವ್ಯಾಪಾರಿಗಳು ತಮ್ಮ ಪರಿಚಯವನ್ನು ತಾವೇ ಬರೆಸಿಟ್ಟದ್ದು ಅಯ್ಯಾವೊಳೆ ಐನೂರ್ವರ ಶಾಸನಗಳಲ್ಲಿ ಕಾಣುತ್ತದೆ. ಇಂದಿನ ಐಹೊಳೆಯ ಹೆಸರು ಹೊತ್ತ ಈ ವರ್ತಕ ಸಂಘ 11ನೇ ಶತಮಾನದಲ್ಲಿ ಶಿಕಾರಿಪುರ ಸೀಮೆಯಲ್ಲಿ ಬರೆಸಿದ ಶಾಸನ ಸತ್ಯ, ಶುಚಿ, ವೀರಬಣಂಜು ಧರ್ಮಗಳಿಂದ ಆರಂಭವಾಗುತ್ತದೆ. ಬಳಿಕ ತಿರುಗಾಡಿದ ನಾಡುಗಳು ಬರುತ್ತವೆ: ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ. ಆಮೇಲೆ ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರಗಳ ಉದ್ದನೆಯ ಪಟ್ಟಿ. ಸಗಟು ಮಾರುವವರೂ ಹೆಗಲ ಮೇಲೆ ಹೊತ್ತು ತಿರುಗುವವರೂ ಅಲ್ಲಿದ್ದಾರೆ. ಮೊದಲು ನಡತೆ, ನಂತರ ಸರಕು ಎಂಬ ಈ ಕ್ರಮ ಗಮನಿಸತಕ್ಕದ್ದು. ದೂರದಿಂದ ಬಂದವನ ಸಾಮಾನನ್ನು ಕೊಳ್ಳುವ ಮುಂಚೆ ಜನ ನೋಡಿದ್ದು ಅವನನ್ನು.

ಸಂತೆಯ ವ್ಯಾಪಾರಕ್ಕೆ ಇಷ್ಟು ಬರಹ ಬೇಕಾಗಿರಲಿಲ್ಲ. ಮುಖ ನೋಡಿ ಉದ್ದರಿ ಕೊಡುತ್ತಿದ್ದರು, ಸೇರು ಕೊಳಗಗಳಲ್ಲಿ ಅಳೆಯುತ್ತಿದ್ದರು. ಆದರೆ ಬೆಲೆ ಹೇಳುವುದು ಇಲ್ಲಿ ಸುಲಭವಿರಲಿಲ್ಲ. ಕೊಪ್ಪಳ ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ತುಂಗಭದ್ರೆ ದಾಟಿದರೆ ಹೊಸಪೇಟೆ, ಅದು ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಈ ದಂಡೆಯಲ್ಲಿ ಹಾಲಿ ಸಿಕ್ಕಾ, ಆ ದಂಡೆಯಲ್ಲಿ ಕಲ್ದಾರ್ ರೂಪಾಯಿ. 7 ಹಾಲಿ ರೂಪಾಯಿಗೆ 6 ಕಲ್ದಾರ್ ಎಂಬ ಲೆಕ್ಕ ವ್ಯಾಪಾರಿಗಳ ನಾಲಿಗೆಯ ಮೇಲಿರಬೇಕಿತ್ತು. 1880ರ ದಶಕದಲ್ಲಿ ಹೊಸಪೇಟೆ–ಗದಗ ರೈಲು ದಾರಿ ಹಾಕಿದ ಮೇಲೆ ದೂರದ ಗಿರಾಕಿಯೂ ಹತ್ತಿರವಾದ. ಗಿಣಿಗೇರಾ ಇರುವುದು ಇದೇ ದಾರಿಯಲ್ಲಿ. ಮುಂದೆ ಮೆಹಬೂಬ್‌ನಗರದ ದಾರಿ ಕವಲೊಡೆಯುವ ಜಂಕ್ಷನ್ನೂ ಅದೇ ಆಯಿತು.

ಸಂಸ್ಥಾನದ ಕಚೇರಿಗಳ ಭಾಷೆ ಉರ್ದು, ಪೇಟೆಯ ಮಾತು ಕನ್ನಡ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಡಳಿತ ಮುಗಿದು, 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಷ್ಟೇ ಕಚೇರಿಯ ಭಾಷೆಯೂ ಪೇಟೆಯ ಭಾಷೆಯೂ ಒಂದಾಗುವ ದಾರಿ ತೆರೆಯಿತು. ಅಂಗಡಿ ಬೋರ್ಡು ಕನ್ನಡದಲ್ಲಿರಬೇಕೆಂಬ ನಿಯಮ ನಂತರ ಬಂತು. 2024ರ ತಿದ್ದುಪಡಿ ಬೋರ್ಡಿನ ಶೇ 60 ಭಾಗ ಕನ್ನಡಕ್ಕೆ ಮೀಸಲಾಗಬೇಕೆಂದಿತು.

ಬೋರ್ಡನ್ನೇ ನಂಬದೆ ಹೆಸರು ಗಳಿಸಿದ ಕಸುಬು ಈ ಸೀಮೆಯಲ್ಲಿ ಒಂದಿದೆ: ಕಿನ್ನಾಳದ ಗೊಂಬೆ. ಅಲ್ಲಿನ ಚಿತ್ರಗಾರರ ಹಿಂದಿನವರು ಹಂಪಿಯ ಪಂಪಾಪತಿ ಗುಡಿಯ ಚಿತ್ರಗಳನ್ನು ಬರೆದವರೆಂಬ ನಂಬಿಕೆಯಿದೆ. ಹಗುರವಾದ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ನೆನೆಸಿ ಪುಡಿ ಮಾಡಿದ ಸೆಣಬಿಗೆ ಮರದ ಹುಡಿ, ಅಂಟು ಬೆರೆಸಿದ ಕಿಟ್ಟದಿಂದ ಸಂದು ಮುಚ್ಚುತ್ತಾರೆ; ಮೇಲೆ ಬಿಳಿ ಬಳಿದು ಬಣ್ಣ ಹಾಕುತ್ತಾರೆ. ತವರದಿಂದ ಮಾಡಿದ ಲೇಪ ಕೊಟ್ಟು ಉಜ್ಜಿದರೆ ಬೆಳ್ಳಿಯ ಹೊಳಪು. ಅದರ ಮೇಲೆ ಹಳದಿ ಹಚ್ಚಿದರೆ ಬಂಗಾರದ ಹೊಳಪು. ಇದಕ್ಕೆ ಲಾಜವಾರ ಎಂದು ಹೆಸರು. ಇಷ್ಟೆಲ್ಲ ಕೆಲಸದ ಗರುಡ, ಕಾಮಧೇನು, ವೀರಭದ್ರರನ್ನು ಮಾಡಿದವರ ಹೆಸರಿಗಿಂತ ಊರಿನ ಹೆಸರೇ ದೂರ ಹೋಯಿತು. ಭೌಗೋಳಿಕ ಸೂಚಿಯ ನೋಂದಣಿ ಇದಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. ಆದರೆ ಊರಿನ ಹೆಸರು ಬಲ್ಲ ಗಿರಾಕಿಗೆ ಯಾವ ಮನೆಯ ಬಾಗಿಲು ತಟ್ಟಬೇಕೆಂದು ಆ ನೋಂದಣಿ ಹೇಳುವುದಿಲ್ಲ. ಜಾಲತಾಣದ ನಿಜವಾದ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ ಯು.ಬಿ. ಪವನಜ ಅವರ ವಿಶ್ವಕನ್ನಡ ಜಾಲತಾಣ ಬಂತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶ 1998ರದು. ಆ ದಿನಗಳ ಕನ್ನಡ ಪುಟಕ್ಕೆ ದೊಡ್ಡ ತೊಡಕೊಂದಿತ್ತು: ಬರೆದವರ ಫಾಂಟು ಓದುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರಗಳ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಕನ್ನಡ ಬರಹವನ್ನು ಚಿತ್ರ ಮಾಡಿ ಅಂಟಿಸಿದರೆ ಕಣ್ಣಿಗೆ ಕಂಡೀತು, ಹುಡುಕಿದರೆ ಸಿಗದು. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ಸಾಮಾನ್ಯ ಕಂಪ್ಯೂಟರಿಗೆ ಅದು ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿ ಕಾಲಕ್ಕೆ. ಸಣ್ಣ ವ್ಯಾಪಾರಿಗಳ ತಾಣಗಳು ಇಂಗ್ಲಿಷಿನಲ್ಲೇ ಹುಟ್ಟುವ ರೂಢಿಗೆ ಈ ಹತ್ತು ವರ್ಷಗಳ ಅಡಚಣೆಯೂ ಒಂದು ಕಾರಣ. ಅಡಚಣೆ ಹೋಗಿದೆ, ರೂಢಿ ಉಳಿದಿದೆ. ಬೋರ್ಡಿಗೆ ಸಿಕ್ಕ ಕನ್ನಡ ತಾಣಕ್ಕೂ ಸಿಗಲೇಬೇಕು.

ವಿಳಾಸದ ಹೆಸರು ಕೊಳ್ಳುವುದು 2005ರಲ್ಲಿ ಡಾಟ್ ಇನ್ ಎಲ್ಲರಿಗೂ ತೆರೆದ ಮೇಲೆ ಸುಲಭವಾಯಿತು. ಡಾಟ್ ಭಾರತ ಕನ್ನಡ ಲಿಪಿಯಲ್ಲೂ ಇದೆ. ಊರಿನ ಹೆಸರಿನಲ್ಲಿ ಮಾತ್ರ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಕಿನ್ನಾಳವನ್ನು ಕಿನ್ನಾಲ್, ಕಿನ್ಹಾಲ್ ಎಂದೆಲ್ಲ ಬರೆಯುತ್ತಾರೆ. ಹುಡುಕುವವರು ಯಾವುದನ್ನು ಬಳಸಿದರೂ ತಾಣ ಸಿಗುವಂತೆ ಅಷ್ಟನ್ನೂ ಪುಟದಲ್ಲಿ ಸೇರಿಸುವುದು ಒಳ್ಳೆಯದು.

ಉಳಿದ ಮುಖ್ಯ ಅಂಶಗಳನ್ನು ಕಾನೂನೇ ಗೊತ್ತುಮಾಡಿದೆ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳಂತೆ ಆನ್‌ಲೈನ್ ಮಾರುವವರು ತಮ್ಮ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ ಮತ್ತು ದೂರು ಕೇಳುವ ಅಧಿಕಾರಿಯ ವಿವರ ಪ್ರಕಟಿಸಬೇಕು. ಹಣ ಪಡೆಯಲು 2016ರಿಂದ ಯುಪಿಐ ಇದೆ. ಹಾಲಿ–ಕಲ್ದಾರ್ ಲೆಕ್ಕದ ಸೀಮೆಗೆ ಇದು ಸಣ್ಣ ಅನುಕೂಲವಲ್ಲ. ಸಾಮಾನಿನ ಪುಟವನ್ನು ಕಸುಬಿನ ಹಂಗಾಮಿಗೆ ಹೊಂದಿಸಬೇಕು. ಕಿನ್ನಾಳದಲ್ಲಿ ಹಬ್ಬದ ದಿನಗಳಿಗೆ ಮಣ್ಣಿನ ಗೊಂಬೆ, ಸೆಗಣಿ ಮತ್ತು ಮರದ ಹುಡಿಯ ಗೊಂಬೆಗಳೂ ಆಗುತ್ತವೆ. ಗೌರಿ ಗೊಂಬೆಗಳ ಚಿತ್ರ, ಎತ್ತರ, ಬೆಲೆ, ಕಳಿಸಲು ಹಿಡಿಯುವ ದಿನಗಳು ಹಬ್ಬಕ್ಕೆ ಸಾಕಷ್ಟು ಮೊದಲೇ ಅಲ್ಲಿರಬೇಕು.