ಕೇರ್ ಲೀವರ್‌ಗಳ ತುರ್ತು ವಸತಿ (ಇಂಗ್ಲೆಂಡ್)

ಪೋಷಕ ಕುಟುಂಬದಲ್ಲೋ ಮಕ್ಕಳ ಗೃಹದಲ್ಲೋ ಸರ್ಕಾರದ ಪಾಲನೆಯಲ್ಲಿ ಬೆಳೆದು ಹೊರಬಂದ ಯುವಜನರನ್ನು ಇಂಗ್ಲೆಂಡಿನಲ್ಲಿ ಕೇರ್ ಲೀವರ್‌ಗಳು ಎನ್ನುತ್ತಾರೆ. ಇರಲು ನೆಲೆಯಿಲ್ಲದೆ ಹೋದಾಗ ಅವರಿಗೆ ಅಂದಿನ ರಾತ್ರಿಯಿಂದಲೇ ಒದಗಿಸುವ ತಾತ್ಕಾಲಿಕ ಆಸರೆಯೇ ತುರ್ತು ವಸತಿ. ಇದರ ಹೊಣೆ ಸ್ಥಳೀಯ ಕೌನ್ಸಿಲ್‌ಗಳದು. ಕೌನ್ಸಿಲ್‌ನ ಮಕ್ಕಳ ಸೇವಾ ವಿಭಾಗ ಮುಂದೆ ಬರಬೇಕೋ ವಸತಿ ವಿಭಾಗ ಬರಬೇಕೋ ಎಂಬುದನ್ನು ಮುಖ್ಯವಾಗಿ ಅರ್ಜಿದಾರರ ವಯಸ್ಸು ತೀರ್ಮಾನಿಸುತ್ತದೆ. ಎರಡು ಹಂತದ ಆಡಳಿತವಿರುವ ಕೌಂಟಿಗಳಲ್ಲಿ ಮಕ್ಕಳ ಸೇವೆ ಕೌಂಟಿ ಕೌನ್ಸಿಲ್‌ನ ಕೈಯಲ್ಲಿ, ವಸತಿ ಜಿಲ್ಲಾ ಕೌನ್ಸಿಲ್‌ನ ಕೈಯಲ್ಲಿ ಇರುವುದರಿಂದ ಒಬ್ಬರೇ ಎರಡು ಬೇರೆ ಬೇರೆ ಸಂಸ್ಥೆಗಳ ಬಾಗಿಲು ತಟ್ಟಬೇಕಾಗುತ್ತದೆ.

ಕಾನೂನಿನ ಹಿನ್ನೆಲೆ

ವ್ಯವಸ್ಥೆಯ ಬುನಾದಿ 1989ರ ಮಕ್ಕಳ ಕಾಯ್ದೆ. 2001ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಲೀವಿಂಗ್ ಕೇರ್ ಕಾಯ್ದೆಯು ಪಾಲನೆ ಬಿಡುವ ಪ್ರತಿಯೊಬ್ಬ ಅರ್ಹರಿಗೂ ಒಬ್ಬ ವೈಯಕ್ತಿಕ ಸಲಹೆಗಾರರನ್ನೂ ಲಿಖಿತ ಯೋಜನೆಯನ್ನೂ ಕಡ್ಡಾಯಗೊಳಿಸಿತು. 14 ವರ್ಷ ತುಂಬಿದ ನಂತರ ಒಟ್ಟು 13 ವಾರ ಪಾಲನೆಯಲ್ಲಿದ್ದು, ಅದರ ಸ್ವಲ್ಪ ಭಾಗವಾದರೂ 16 ತುಂಬಿದ ಮೇಲೆ ಕಳೆದಿರುವುದು ಸಾಮಾನ್ಯ ಅರ್ಹತೆ. 2017ರ ಮಕ್ಕಳ ಮತ್ತು ಸಮಾಜಕಾರ್ಯ ಕಾಯ್ದೆಯು ಕೇಳಿದವರಿಗೆ ಸಲಹೆಗಾರರ ನೆರವನ್ನು 25 ವರ್ಷದವರೆಗೆ ವಿಸ್ತರಿಸಿತು.

16 ಮತ್ತು 17 ವರ್ಷದವರು

ಈ ವಯಸ್ಸಿನವರು ಕಾನೂನಿನ ಕಣ್ಣಿನಲ್ಲಿ ಮಕ್ಕಳು. ನೆಲೆ ಕಳೆದುಕೊಂಡ ಹದಿಹರೆಯದವರನ್ನು ಮಕ್ಕಳ ಸೇವಾ ವಿಭಾಗವು ವಸತಿ ವಿಭಾಗಕ್ಕೆ ಸಾಗಹಾಕುವ ರೂಢಿ ಹಲವೆಡೆ ಇತ್ತು. ಸದಕ್ ಕೌನ್ಸಿಲ್ ವಿರುದ್ಧದ ಪ್ರಕರಣದಲ್ಲಿ 2009ರ ಮೇ ತಿಂಗಳಲ್ಲಿ ಹೌಸ್ ಆಫ್ ಲಾರ್ಡ್ಸ್ ಇದಕ್ಕೆ ತಡೆಹಾಕಿತು. ನೆಲೆಯಿಲ್ಲದ ಮಗುವಿಗೆ 1989ರ ಕಾಯ್ದೆಯ 20ನೇ ಸೆಕ್ಷನ್ ಅನ್ವಯವಾದರೆ ಮಕ್ಕಳ ಸೇವಾ ವಿಭಾಗವೇ ವಸತಿ ಕೊಡಬೇಕು. ಆ ಹೊಣೆಯನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ ಎಂಬುದು ಬ್ಯಾರನೆಸ್ ಹೇಲ್ ಬರೆದ ಪ್ರಧಾನ ತೀರ್ಪಿನ ಸಾರ.

ಈ ಸೆಕ್ಷನ್ ಅಡಿ ಕಳೆದ ದಿನಗಳು 13 ವಾರಗಳ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಅದೇ ಹಾಸ್ಟೆಲ್ ಕೊಠಡಿ ಯಾವ ಕಾಯ್ದೆಯಡಿ ಸಿಕ್ಕಿತು ಎಂಬುದರ ಮೇಲೆ ಮುಂದಿನ ವರ್ಷಗಳ ಹಕ್ಕುಗಳು ನಿಂತಿರುತ್ತವೆ. ದಿನಬಾಡಿಗೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಕೊಠಡಿಗಳು ಈ ವಯಸ್ಸಿಗೆ ತಕ್ಕವಲ್ಲ ಎಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. 2023ರ ಅಕ್ಟೋಬರ್ 28ರಿಂದ ಈ ವಯಸ್ಸಿನ ಪಾಲಿತ ಮಕ್ಕಳಿಗೆ ಬೆಂಬಲಿತ ವಸತಿ ನಡೆಸುವವರು ತಪಾಸಣಾ ಸಂಸ್ಥೆ ಆಫ್‌ಸ್ಟೆಡ್‌ನಲ್ಲಿ ನೋಂದಾಯಿಸಿಕೊಳ್ಳಬೇಕು.

18 ದಾಟಿದವರು

18 ತುಂಬಿದ ಮೇಲೆ ವಸತಿ ವಿಭಾಗಕ್ಕೆ ಅರ್ಜಿ ಹಾಕಬೇಕು. 16ರಿಂದ 18ರ ನಡುವೆ ಯಾವಾಗಲಾದರೂ ಪಾಲನೆಯಲ್ಲಿದ್ದು ಈಗ 18ರಿಂದ 20 ವರ್ಷದವರಾದವರಿಗೆ 2002ರ ಆದೇಶವು ಸಾಮಾನ್ಯವಾಗಿ ತಾನಾಗಿಯೇ ಆದ್ಯತೆ ನೀಡುತ್ತದೆ. 1996ರ ವಸತಿ ಕಾಯ್ದೆಯ ಪ್ರಕಾರ ಅರ್ಜಿದಾರರು ಅರ್ಹರು, ನಿರಾಶ್ರಿತರು ಮತ್ತು ಆದ್ಯತೆ ಉಳ್ಳವರಿರಬಹುದು ಎಂದು ನಂಬಲು ಕಾರಣವಿದ್ದರೆ ಸಾಕು. ಪೂರ್ತಿ ವಿಚಾರಣೆ ಮುಗಿಯುವ ಮೊದಲೇ ಮಧ್ಯಂತರ ವಸತಿ ಕೊಡಬೇಕು.

2018ರ ಏಪ್ರಿಲ್‌ನಲ್ಲಿ ಜಾರಿಯಾದ ಕಾಯ್ದೆಯಡಿ, 56 ದಿನಗಳೊಳಗೆ ನೆಲೆ ತಪ್ಪುವ ಸೂಚನೆ ಇರುವಾಗಲೇ ಅದನ್ನು ತಡೆಯಲು ಕೌನ್ಸಿಲ್ ಕ್ರಮ ಕೈಗೊಳ್ಳಬೇಕು. ಪಾಲನೆಯ ಹೊಣೆ ಹೊತ್ತ ಕೌನ್ಸಿಲ್‌ನ ಪ್ರದೇಶದೊಂದಿಗೆ ಕೇರ್ ಲೀವರ್‌ಗೆ ‘ಸ್ಥಳೀಯ ಸಂಬಂಧ’ ಇದೆಯೆಂದೂ ಈ ಕಾಯ್ದೆ ಮಾನ್ಯ ಮಾಡಿತು. ದೂರದ ಊರಿನ ಪೋಷಕ ಕುಟುಂಬದಲ್ಲಿ ಬೆಳೆದವರಿಗೆ ಇದು ಮುಖ್ಯ.

21 ತುಂಬಿದೊಡನೆ ತಾನಾಗಿ ಸಿಗುವ ಆದ್ಯತೆ ನಿಲ್ಲುತ್ತದೆ. ಪಾಲನೆಯಲ್ಲಿದ್ದ ಕಾರಣದಿಂದಲೇ ತಾನು ದುರ್ಬಲ ಸ್ಥಿತಿಯಲ್ಲಿದ್ದೇನೆ ಎಂಬುದು, ಇಲ್ಲವೇ ಆದ್ಯತೆಗೆ ಬೇರೆ ಆಧಾರವಿದೆ ಎಂಬುದು ಮನದಟ್ಟಾಗಬೇಕು. ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರಿಗೆ ಪ್ರತ್ಯೇಕ ಏರ್ಪಾಡಿದೆ: ರಜೆಯಲ್ಲಿ ಹಾಸ್ಟೆಲ್ ಮುಚ್ಚಿದರೆ ಉಳಿಯಲು ಮಕ್ಕಳ ಸೇವಾ ವಿಭಾಗ ನೆರವಾಗಬೇಕು.

ವಸತಿಯ ಬಗೆಗಳು

ನೈಟ್‌ಸ್ಟಾಪ್: ತರಬೇತಿ ಪಡೆದ ಸ್ವಯಂಸೇವಕರು ತಮ್ಮ ಮನೆಯ ಕೊಠಡಿಯನ್ನು 16ರಿಂದ 25 ವರ್ಷದವರಿಗೆ ರಾತ್ರಿಯ ಮಟ್ಟಿಗೆ ಬಿಟ್ಟುಕೊಡುವ ಯೋಜನೆ. 1987ರಲ್ಲಿ ಲೀಡ್ಸ್‌ನಲ್ಲಿ ಶುರುವಾಯಿತು. ಇದರ ಜಾಲವನ್ನು ಡಿಪಾಲ್ ಯುಕೆ ನೋಡಿಕೊಳ್ಳುತ್ತದೆ.

ಕ್ರ್ಯಾಶ್ ಪ್ಯಾಡ್: ಹಾಸ್ಟೆಲ್ ಅಥವಾ ಬೆಂಬಲಿತ ವಸತಿಗಳಲ್ಲಿ ತುರ್ತಿಗೆಂದೇ ಮೀಸಲಿಟ್ಟ ಹಾಸಿಗೆ. ಮುಂದಿನ ವ್ಯವಸ್ಥೆಯಾಗುವವರೆಗೆ ಕೆಲವು ದಿನ ಅಥವಾ ವಾರಗಳ ಆಸರೆ.

ಬೆಂಬಲಿತ ಮನೆವಾಸ: ಯಜಮಾನರ ಮನೆಯಲ್ಲೇ ಸ್ವಂತ ಕೊಠಡಿ; ಅಡುಗೆ, ಬಜೆಟ್, ಅರ್ಜಿ ತುಂಬುವುದು ಮುಂತಾದ ಕೆಲಸಗಳಿಗೆ ಮನೆಯವರ ನೆರವು.

ಹಾಸ್ಟೆಲ್ ಮತ್ತು ಫಾಯರ್: ಸಿಬ್ಬಂದಿಯಿರುವ ಯುವಜನರ ವಸತಿಗಳು. ಫ್ರಾನ್ಸಿನ ಮಾದರಿಯಲ್ಲಿ 1990ರ ದಶಕದಲ್ಲಿ ಬಂದ ಫಾಯರ್‌ಗಳು ವಾಸವನ್ನು ಓದು ಅಥವಾ ಉದ್ಯೋಗ ತರಬೇತಿಗೆ ಜೋಡಿಸುತ್ತವೆ. 1969ರಲ್ಲಿ ಲಂಡನ್ನಿನ ಸೊಹೊದಲ್ಲಿ ಆರಂಭವಾದ ಸೆಂಟರ್‌ಪಾಯಿಂಟ್ ಯುವಜನರಿಗೆ ವಸತಿ ಒದಗಿಸುವ ಪ್ರಮುಖ ಸಂಸ್ಥೆಗಳಲ್ಲೊಂದು.

ಇಂಥ ತುರ್ತು ಬರದಂತೆ ತಡೆಯುವುದು ‘ಸ್ಟೇಯಿಂಗ್ ಪುಟ್’ ವ್ಯವಸ್ಥೆಯ ಗುರಿ. 2014ರಿಂದ ಪೋಷಕ ಕುಟುಂಬ ಒಪ್ಪಿದರೆ ಯುವಜನರು ಅದೇ ಮನೆಯಲ್ಲಿ 21ರವರೆಗೆ ಇರಬಹುದು.

ಹಣಕಾಸು

ಯೂನಿವರ್ಸಲ್ ಕ್ರೆಡಿಟ್ ಭತ್ಯೆಯ ಮೊದಲ ಕಂತು ಕೈಸೇರಲು ಸಾಮಾನ್ಯವಾಗಿ ಐದು ವಾರ ಹಿಡಿಯುತ್ತದೆ. ಮುಂಗಡ ಪಡೆದರೆ ಅದು ಸಾಲವಾಗಿ ಮುಂದಿನ ಕಂತುಗಳಲ್ಲಿ ಕಡಿತವಾಗುತ್ತದೆ. ಖಾಸಗಿ ಬಾಡಿಗೆಯಲ್ಲಿರುವ 35ರೊಳಗಿನ ಒಂಟಿ ವ್ಯಕ್ತಿಗಳಿಗೆ ಹಂಚಿಕೆ ಮನೆಯ ಕೊಠಡಿಯ ಲೆಕ್ಕದಲ್ಲಷ್ಟೇ ಬಾಡಿಗೆ ನೆರವು ಸಿಗುತ್ತದೆ. 2021ರ ಮೇ ಅಂತ್ಯದಿಂದ ಕೇರ್ ಲೀವರ್‌ಗಳಿಗೆ 25 ತುಂಬುವವರೆಗೆ ಇದರಿಂದ ವಿನಾಯಿತಿ ಇದೆ. ಸ್ವಂತ ಮನೆ ಹೂಡಲು ಕೊಡುವ ಭತ್ಯೆಯನ್ನು 2023ರಲ್ಲಿ 2,000 ಪೌಂಡ್‌ಗಳಿಂದ 3,000ಕ್ಕೆ ಏರಿಸಲಾಯಿತು.

ಸ್ಕಾಟ್ಲೆಂಡ್‌ನೊಡನೆ ಹೋಲಿಕೆ

ವಸತಿ ಕಾನೂನು ಬ್ರಿಟನ್ನಿನ ಭಾಗದಿಂದ ಭಾಗಕ್ಕೆ ಬೇರೆ. ಸ್ಕಾಟ್ಲೆಂಡ್ 2012ರ ಕೊನೆಯಲ್ಲಿ ‘ಆದ್ಯತೆ’ಯ ಪರೀಕ್ಷೆಯನ್ನೇ ಕೈಬಿಟ್ಟಿತು. ಪಾಲನೆಯ ನಂತರದ ನೆರವನ್ನು 26 ವರ್ಷದವರೆಗೆ ಕೇಳಲೂ ಅಲ್ಲಿ ಅವಕಾಶವಿದೆ. ಹೀಗಾಗಿ ಇಂಗ್ಲೆಂಡಿನ ಕೇರ್ ಲೀವರ್‌ಗಳು 21ನೇ ಹುಟ್ಟುಹಬ್ಬದಂದು ಎದುರಿಸುವ ಕಾನೂನಿನ ಗಡಿ ಸ್ಕಾಟ್ಲೆಂಡ್‌ನಲ್ಲಿಲ್ಲ.