ತುಕ್ಕು ಹಿಡಿಯದ ಉಕ್ಕಿಗೆ ಬೆಳ್ಳಿಯ ಬೆಸುಗೆ

ಅಕ್ಕಸಾಲಿಗರು ಬಳೆಯ ಎರಡು ತುದಿ ಕೂಡಿಸುವುದನ್ನು ನೋಡಿದವರಿಗೆ ಈ ಕ್ರಮ ಗೊತ್ತು. ಕೂಡುವ ಜಾಗವನ್ನು ಉಜ್ಜಿ ಶುಚಿ ಮಾಡಿ, ಬಿಳಿಗಾರ ಹಚ್ಚಿ, ಬೆಸುಗೆಯ ಸಣ್ಣ ಚೂರೊಂದನ್ನಿಟ್ಟು ಊದುಗೊಳವೆಯಿಂದ ಬೆಂಕಿ ಹಾಯಿಸುತ್ತಾರೆ. ಚೂರು ಕರಗಿ ಸರ್ರನೆ ಸಂದಿಯೊಳಗೆ ಓಡುತ್ತದೆ. ದುಬಾರಿ ಬೈಸಿಕಲ್ಲುಗಳ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳನ್ನು ಕೂಡಿಸುವ ವಿದ್ಯೆಯೂ ಮೂಲತಃ ಇದೇ. ಬಳೆ ಬಿಟ್ಟುಕೊಂಡರೆ ಮತ್ತೆ ಬೆಸೆಯಬಹುದು. ಘಟ್ಟದ ಇಳಿಜಾರಿನಲ್ಲಿ ರಭಸದಿಂದ ಇಳಿಯುವ ಸೈಕಲ್ಲಿನ ಫ್ರೇಮು ಬಿಟ್ಟುಕೊಂಡರೆ ಸವಾರನ ಜೀವಕ್ಕೇ ಸಂಚಕಾರ.

ಈ ಉಕ್ಕು ಹುಟ್ಟಿದ್ದು ಬಂದೂಕಿನ ನೆಪದಲ್ಲಿ. 1912ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಲೋಹಶಾಸ್ತ್ರಜ್ಞ ಹ್ಯಾರಿ ಬ್ರಿಯರ್ಲಿಯ ಮುಂದೆ ಒಂದು ಸಮಸ್ಯೆ ಬಂತು. ಗುಂಡು ಹಾರಿಸಿದಂತೆಲ್ಲ ಬಂದೂಕಿನ ನಳಿಗೆಯ ಒಳಮೈ ಸವೆಯುತ್ತಿತ್ತು. ಅದಕ್ಕೆ ಮದ್ದು ಹುಡುಕುತ್ತ ಆತ 1913ರ ಆಗಸ್ಟ್‌ನಲ್ಲಿ ಶೇಕಡಾ 12.8ರಷ್ಟು ಕ್ರೋಮಿಯಂ ಬೆರೆಸಿದ ಉಕ್ಕನ್ನು ಎರಕ ಹೊಯ್ದ. ಅದು ಸುಲಭವಾಗಿ ತುಕ್ಕು ಹಿಡಿಯದಿರುವುದು ಆತನ ಕಣ್ಣಿಗೆ ಬಿತ್ತು. ಬಂದೂಕಿಗಿಂತ ಮೊದಲು ಅದು ಊಟದ ಮೇಜಿನ ಚಾಕುವಾಯಿತು.

ತುಕ್ಕು ಏಕೆ ಹಿಡಿಯುವುದಿಲ್ಲ? ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಯಲ್ಲಿ ಒಂದು ಪೊರೆ ಕಟ್ಟುತ್ತದೆ. ಕೂದಲೆಳೆಯ ಹತ್ತಾರು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಈ ಪೊರೆ ಕಣ್ಣಿಗೆ ಕಾಣದು. ಗೀರಿದರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ನೀರನ್ನು ದೂರವಿಡುವ ಈ ರಕ್ಷಾಕವಚವೇ ಬೆಸುಗೆಯನ್ನೂ ದೂರವಿಡುತ್ತದೆ. ಕರಗಿದ ಬೆಳ್ಳಿ ಇದರ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಾಗಿ ಉರುಳುತ್ತದೆಯೇ ಹೊರತು ಅಂಟುವುದಿಲ್ಲ. ಬೆಸುಗೆಗಾರನ ತಾಪತ್ರಯವೆಲ್ಲ ಇಲ್ಲಿಂದಲೇ ಶುರು.

ಸೈಕಲ್ಲಿನ ಕೊಳವೆಗಳ ಕಥೆ ಇದಕ್ಕೂ ಹಳೆಯದು. ಬರ್ಮಿಂಗ್‌ಹ್ಯಾಮಿನಲ್ಲಿ ಮೊಳೆ ತಯಾರಿಸುತ್ತಿದ್ದ ರೆನಾಲ್ಡ್ಸ್ ಮನೆತನದವರು 1897ರಲ್ಲಿ ಒಂದು ಪೇಟೆಂಟ್ ಪಡೆದರು. ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುವೆ ತೆಳು, ಹೊರಗಿನಿಂದ ಮಾತ್ರ ಒಂದೇ ಸಮ: ಅಂಥ ಕೊಳವೆ ಅದು. ಭಾರ ಇಳಿಯಿತು, ಬಲ ಉಳಿಯಿತು. 1928ರಲ್ಲಿ ಈ ಕಂಪೆನಿ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಮೂಹ ಸೇರಿತು. ಅದೇ ಸಮೂಹದ ಸಹಯೋಗದಿಂದ 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಆರಂಭವಾಯಿತು. ನಮ್ಮ ಹಳ್ಳಿ ಪಟ್ಟಣಗಳಲ್ಲಿ ಓಡಾಡಿದ ಹರ್ಕ್ಯುಲಿಸ್ ಸೈಕಲ್ಲುಗಳು ಅಲ್ಲಿಯವೇ. ಅಂಥ ಗಟ್ಟಿಮುಟ್ಟಾದ, ಭಾರದ ಸೈಕಲ್ಲುಗಳಿಗೆ ಹಿತ್ತಾಳೆಯ ಬೆಸುಗೆ ಸಾಕು.

ಹಿತ್ತಾಳೆಗೆ ಸುಮಾರು 900 ಡಿಗ್ರಿ ಸೆಲ್ಷಿಯಸ್ ಬಿಸಿ ಬೇಕು. 1970ರ ದಶಕದ ನಡುವೆ ರೆನಾಲ್ಡ್ಸ್ ಕಂಪೆನಿ ‘753’ ಎಂಬ ಕೊಳವೆ ತಂದಾಗ ಇದು ನಡೆಯಲಿಲ್ಲ. ಹದಗೊಳಿಸಿ ಬಲ ತುಂಬಿದ ಆ ತೆಳು ಉಕ್ಕು ಅಷ್ಟು ಬಿಸಿಗೆ ತನ್ನ ಬಲವನ್ನೇ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಬೆಳ್ಳಿಯೇ ಆಗಬೇಕು. ಶೇಕಡಾ 56 ಬೆಳ್ಳಿ, ಉಳಿದದ್ದು ತಾಮ್ರ, ಸತು, ತವರ ಇರುವ ಬೆಸುಗೆ 650 ಡಿಗ್ರಿಯ ಆಸುಪಾಸಿನಲ್ಲೇ ಹರಿಯುತ್ತದೆ. ಕಂಪೆನಿ ಈ ಕೊಳವೆಗಳನ್ನು ಕೇಳಿದವರಿಗೆಲ್ಲ ಮಾರಲಿಲ್ಲ. ಫ್ರೇಮು ಕಟ್ಟುವವರು ಮೊದಲು ಮಾದರಿ ಬೆಸುಗೆಯೊಂದನ್ನು ಕಳುಹಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಕಸುಬುದಾರರಿಗೆ ಇದು ಕಿರಿಕಿರಿ ಎನಿಸಿರಬಹುದು. ಆದರೆ ಸವಾರನಿಗೆ ಅದಕ್ಕಿಂತ ದೊಡ್ಡ ಭರವಸೆ ಇನ್ನೇನಿದ್ದೀತು?

ಸ್ಟೇನ್‌ಲೆಸ್ ಕೊಳವೆಗಳು ವ್ಯಾಪಕವಾಗಿ ಕೈಗೆಟುಕಿದ್ದು ಇನ್ನೂ ತಡವಾಗಿ. ಅಮೆರಿಕದ ಕಾರ್ಪೆಂಟರ್ ಕಂಪೆನಿಯ ಉಕ್ಕಿನಿಂದ ರೆನಾಲ್ಡ್ಸ್ ತಯಾರಿಸಿದ ‘953’ ಪ್ರಕಟವಾದದ್ದು 2005ರಲ್ಲಿ, ಅಂದರೆ ಬ್ರಿಯರ್ಲಿಯ ಎರಕಕ್ಕೆ 92 ವರ್ಷಗಳ ಬಳಿಕ. ಪಂದ್ಯದ ಸೈಕಲ್ಲುಗಳೆಲ್ಲ ಕಾರ್ಬನ್ ನಾರಿಗೆ ಒಲಿದಿದ್ದ ಕಾಲವದು. ಸಾಮಾನ್ಯ ಮೆದು ಉಕ್ಕಿನ ನಾಲ್ಕು ಪಟ್ಟು ಬಲದ ಈ ಕೊಳವೆಯ ಗೋಡೆ ತೆಳುವಾದ ಕಡೆ ಬರೀ 0.3 ಮಿಲಿಮೀಟರ್. ಕತ್ತರಿಸಲು ಹೋದರೆ ಸಾಧಾರಣ ಗರಗಸ, ಅರಗಳೇ ಮೊಂಡಾಗುತ್ತವೆ.

ಆದರೂ ಕತ್ತರಿಸಲೇಬೇಕು. ಒಂದು ಕೊಳವೆಯ ತುದಿ ಇನ್ನೊಂದರ ದುಂಡು ಬೆನ್ನಿಗೆ ಬೆಳಕು ತೂರದಂತೆ ಕೂರಬೇಕು. ಕೊಳವೆಗಳು ಕೂಡುವಲ್ಲಿ ‘ಲಗ್’ ಎಂಬ ಉಕ್ಕಿನ ಬಾಹುವನ್ನು ತೊಡಿಸುವುದುಂಟು. ಅದಕ್ಕೂ ಕೊಳವೆಗೂ ನಡುವೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಸಂದಿ ಇದ್ದರೆ ಒಳ್ಳೆಯದು. ದೀಪದ ಬತ್ತಿಗೆ ಎಣ್ಣೆ ಏರುವಂತೆ ಕರಗಿದ ಬೆಳ್ಳಿ ಆ ಸಂದಿಯಲ್ಲಿ ತಾನಾಗಿ ಏರುತ್ತದೆ. ಸಂದಿ ಅಗಲವಾದರೆ ಏರದು, ತೀರಾ ಬಿಗಿಯಾದರೆ ಒಳಗೇ ಹೋಗದು. ಹಿತ್ತಾಳೆಯಾದರೆ ಸ್ವಲ್ಪ ಅಗಲದ ಬಿರುಕನ್ನೂ ತುಂಬಿ ಮಾನ ಉಳಿಸುತ್ತದೆ. ಬೆಳ್ಳಿಗೆ ಆ ದಾಕ್ಷಿಣ್ಯವಿಲ್ಲ.

ಇನ್ನು ಬೆಂಕಿ. ಮರಳು ಕಾಗದದಿಂದ ಉಜ್ಜಿ, ಜಿಡ್ಡು ತೆಗೆದ ಮೇಲೆ ಬೆರಳು ಸಹ ತಾಗಿಸಬಾರದು. ಪೊರೆಯನ್ನು ಕರಗಿಸುವ ಫ್ಲಕ್ಸ್ ಲೇಪ ಹಚ್ಚಬೇಕು. ಅದು ಬಿಳಿಗಾರದ ಬಳಗದ್ದೇ, ಆದರೆ ಇನ್ನೂ ಉಗ್ರ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಶಾಖ ಸುಲಭವಾಗಿ ಹರಿದಾಡುವುದಿಲ್ಲ. ಜ್ವಾಲೆ ನಿಂತಲ್ಲಿ ಕೆಂಪಾಗುತ್ತದೆ, ಪಕ್ಕದಲ್ಲಿ ತಣ್ಣಗಿರುತ್ತದೆ. ಆದ್ದರಿಂದ ಜ್ವಾಲೆಯನ್ನು ಸದಾ ಆಡಿಸುತ್ತಿರಬೇಕು. ಫ್ಲಕ್ಸ್ ನೀರಿನಂತೆ ತಿಳಿಯಾದ ಗಳಿಗೆಯಲ್ಲಿ ಬೆಳ್ಳಿಯ ತಂತಿಯನ್ನು ಲಗ್‌ನ ಒಂದು ಅಂಚಿಗೆ ಮುಟ್ಟಿಸಿ, ಜ್ವಾಲೆಯಿಂದ ಆಚೆಗೆ ಎಳೆದೊಯ್ದರೆ ಎದುರು ಅಂಚಿನಲ್ಲಿ ಬೆಳ್ಳಿಗೆರೆಯೊಂದು ಮೂಡುತ್ತದೆ. ತುಸು ತಡವಾದರೂ ಫ್ಲಕ್ಸ್ ಸುಟ್ಟು ಕಪ್ಪಾಗುತ್ತದೆ, ಪೊರೆ ಮತ್ತೆ ದಪ್ಪವಾಗುತ್ತದೆ. ಆಮೇಲೆ ಎಷ್ಟು ಬೆಳ್ಳಿ ಸುರಿದರೂ ವ್ಯರ್ಥ. ತಣಿಸಿ, ಬಿಡಿಸಿ, ಮತ್ತೆ ಮೊದಲಿನಿಂದ ಉಜ್ಜಬೇಕು.

ಅತಿ ಬಿಸಿಯಲ್ಲಿ ಬೆಸುಗೆಗಾರನಿಗೂ ಅಪಾಯವಿತ್ತು. ಹಿಂದೆ ಬೆಳ್ಳಿ ಬೆಸುಗೆ ಸಲೀಸಾಗಿ ಹರಿಯಲೆಂದು ಕ್ಯಾಡ್ಮಿಯಂ ಬೆರೆಸುತ್ತಿದ್ದರು. ಅದು 767 ಡಿಗ್ರಿಯಲ್ಲಿ ಕುದಿದು ಹೊಗೆಯಾಗುತ್ತದೆ. ಆ ಹೊಗೆ ಶ್ವಾಸಕೋಶವನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಐರೋಪ್ಯ ಒಕ್ಕೂಟ ಇಂಥ ಬೆಸುಗೆಯನ್ನು ಬಹುಪಾಲು ಬಳಕೆಗಳಿಗೆ ನಿಷೇಧಿಸಿದ್ದು 2011ರಲ್ಲಿ. ಅಷ್ಟರಲ್ಲಿ ಎಷ್ಟೋ ದಶಕ ಆ ಗಾಳಿಯನ್ನೇ ಉಸಿರಾಡಿದವರಿದ್ದರು.

ಎಲ್ಲ ಮುಗಿದು, ಗಾಜಿನಂತೆ ಗಟ್ಟಿಯಾದ ಫ್ಲಕ್ಸನ್ನು ಬಿಸಿನೀರಿನಲ್ಲಿ ನೆನೆಸಿ ತೊಳೆದ ಮೇಲೆ ಫ್ರೇಮು ಕನ್ನಡಿಯಂತೆ ಹೊಳೆಯುತ್ತದೆ. ಬೆಸುಗೆ ಒಳಗಿನವರೆಗೆ ಹೋಗಿದೆಯೋ, ಅಂಚಿನಲ್ಲಷ್ಟೇ ನಿಂತಿದೆಯೋ ಎಂಬುದು ಮಾತ್ರ ಹೊರಗಿನಿಂದ ತಿಳಿಯದು. ಅದಕ್ಕೇ ಈ ಕಸುಬು ಕಲಿಯುವವರು ಮೊದಲು ತುಂಡು ಕೊಳವೆಗಳನ್ನು ಬೆಸೆಯುತ್ತಾರೆ. ಬಳಿಕ ಗರಗಸ ಹಿಡಿದು, ಆಗಷ್ಟೇ ಮಾಡಿದ ಆ ಕೆಲಸವನ್ನು ಉದ್ದಕ್ಕೆ ಸೀಳಿ ನೋಡುತ್ತಾರೆ.